ಭೂತಯ್ಯನ ಫೋನು ಕೂಗಲಿಲ್ಲ

ನವೆಂಬರ್ ಹದಿನೆಂಟು, ಬೆಳಿಗ್ಗೆ ಹತ್ತೂ ಇಪ್ಪತ್ತು. ಹೆತ್ತೂರು ಕಡೆಯ ಕೆಂಚಮ್ಮ ಠಾಣೆಯ ಮೆಟ್ಟಿಲು ಹತ್ತಿದಾಗ, ಅವಳ ಅಳುವಿಗೆ ಮಾಡಿನ ಹೆಂಚೆಲ್ಲ ಹಾರಿಹೋಗುವಂತಿತ್ತು. ಪಕ್ಕದ ಮನೆಯ ನವ್ಯಶ್ರೀ ಅವಳ ತೋಳು ಹಿಡಿದಿದ್ದಳು. ದೂರು ಬರೆದುಕೊಟ್ಟವಳೂ ಅವಳೇ.

ಹಿಂದಿನ ದಿನ ಬೆಳಿಗ್ಗೆ ಆರೂವರೆಗೆ ಗದ್ದೆಗೆ ಹೊರಟ ಗಂಡ ಭೂತಯ್ಯನನ್ನು ಆನೆ ತುಳಿದು ಕೊಂದಿದೆ. ಆನೆ ಹತ್ತಿರ ಬಂದರೆ ಕೂಗಬೇಕಾದ ಫೋನಿನ ಆ್ಯಪ್ ಕೂಗಲಿಲ್ಲ. ಅದನ್ನು ಮಾಡಿದ ಆಲೂರಿನ ನವೀನ್‌ಕುಮಾರನೇ ಇದಕ್ಕೆ ಹೊಣೆ.

"ಊರವ್ರ ಫೋನೆಲ್ಲ ಬಾಯ್ ಬಡ್ಕಂಡವೆ ಕಣವ್ವ. ನಮ್ದೊಂದೇ ಮೂಗಾಗ್ಬುಟ್ಟಿತ್ತು. ಅವನ್ನ ಒಳಗಾಕಿ!"

ಎಸ್‌ಐ ನೇತ್ರಾವತಿ ಎಫ್‌ಐಆರ್ ದಾಖಲಿಸಿ, ಪಂಚರ ಮುಂದೆ ಫೋನು ಜಪ್ತಿ ಮಾಡಿ ಪಂಚನಾಮೆ ಬರೆಸಿದರು. ಮಧ್ಯಾಹ್ನ ಎರಡಕ್ಕೆ ಬಂದ ನವೀನ್‌ಕುಮಾರ್, ಹೇಮಾವತಿ ಹೊಳೆಯನ್ನೇ ತಲೆಮೇಲೆ ಸುರಿದುಕೊಂಡವನಂತೆ ಬೆವರುತ್ತಿದ್ದ. ಫೋನನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ ನೋಡಿದವನು ಉಸಿರು ಬಿಟ್ಟ.

"ಇದು ನಾವು ಕೊಟ್ಟಿದ್ದಲ್ಲ ಮೇಡಂ. ಇದರಲ್ಲಿ ಸೈರನ್ ಸದ್ದೇ ತೆಗೆದಿದಾರೆ."

"ಹೆಸರು ಅದೇ, ಚಿತ್ರ ಅದೇ."

"ಸಹಿ ಬೇರೆ. ಜನಕ್ಕೆ ಕೊಡೋ ರಿಲೀಸ್ ಆ್ಯಪಿಗೆ ನಮ್ಮ ಆಫೀಸಿನ ಸಹಿ ಇರುತ್ತೆ. ಇದು ಡಿಬಗ್ಗು, ಮಾಡೋರು ತಾವೇ ಪರೀಕ್ಷೆ ಮಾಡ್ಕೊಳೋದು. ಇದಕ್ಕೆ ಕಂಪ್ಯೂಟರೇ ತನ್ನದೊಂದು ಸಹಿ ಹಾಕುತ್ತೆ. ಒಂದೊಂದು ಕಂಪ್ಯೂಟರಿಗೆ ಒಂದೊಂದು."

"ದನದ ಕಿವಿ ಬಿಲ್ಲೆ ಇದ್ದಂಗೆ ಅನ್ನು," ಎಂದ ಹೆಡ್ ಕಾನ್‌ಸ್ಟೆಬಲ್ ಸಿದ್ದಬಸಪ್ಪ. "ನಂಬರ್ ಸಿಕ್ರೆ ಕೊಟ್ಟಿಗೆ ಸಿಕ್ಕಂಗೆ. ನಿನ್ ಕೊಟ್ಟಿಗೇನೇ ಮೊದ್ಲು ತೋರ್ಸು ಮಾರಾಯ."

ಆಲೂರಿನ ಆಫೀಸಿನ ಮೂರು ಕಂಪ್ಯೂಟರುಗಳಲ್ಲೂ ಆ ಸಹಿ ಇರಲಿಲ್ಲ. ಸಂಜೆ ನೇತ್ರಾವತಿ ಕೆಂಚಮ್ಮನನ್ನು ಕೇಳಿದರು.

"ಆ್ಯಪ್ ಎಲ್ಲಿಂದ ಬಂತು?"

"ಹೊಸ ಫೋನ್ ತಂದಿದ್ರು. ನಮ್ಮೂರಲ್ಲಿ ಮೆಸೇಜ್ ಬರೋದೇ ಹೆಚ್ಚು, ಆ್ಯಪ್ ಇಳಿತದಾ? ಒಬ್ರ ಫೋನಿಂದ ಒಬ್ರು ಹಾಕ್ಸ್ಕಳದು. ನಮ್ಮೂರ್ ಧರ್ಮಣ್ಣ ಹಾಕ್ಕೊಟ್ಟ."

ಹತ್ತೊಂಬತ್ತು, ಬೆಳಿಗ್ಗೆ ಒಂಬತ್ತು, ಧರ್ಮನ ಮನೆಯ ಜಗಲಿ. ನವೀನ್‌ಕುಮಾರನನ್ನೂ ಕರೆತಂದಿದ್ದರು. ಧರ್ಮನ ಫೋನಿನಲ್ಲೂ ಅದೇ ಸಹಿ.

"ಯಾರು ಹಾಕಿದ್ದು?"

"ನನ್ ಮಗಳು ಕಣ್ರೀ. ಹಾಸನದಲ್ಲಿ ಇಂಜಿನಿಯರಿಂಗ್ ಓದ್ತಾಳೆ. ದೀಪಾವಳಿಗೆ ಬಂದಾಗ ಸರಿ ಮಾಡ್ಕೊಟ್ಳು." ಧರ್ಮನ ಎದೆ ಎರಡು ಗೇಣು ಉಬ್ಬಿತು. "ನವ್ಯಾ, ಬಾರೇ ಇಲ್ಲಿ!"

ನೇತ್ರಾವತಿಯ ಕೈಯಲ್ಲಿದ್ದ ಪೆನ್ನು ನಿಂತುಬಿಟ್ಟಿತು. ಫೈಲಿನಲ್ಲಿದ್ದ ದೂರಿನ ದುಂಡಗಿನ ಅಕ್ಷರಗಳು ಆ ಹುಡುಗಿಯವೇ.

ಕರೆದದ್ದಕ್ಕೆ ನವ್ಯಶ್ರೀ ಲ್ಯಾಪ್‌ಟಾಪ್ ಹಿಡಿದುಕೊಂಡೇ ಬಂದಳು, ಯಾರೂ ಕೇಳಿರಲಿಲ್ಲ. ನವೀನ್‌ಕುಮಾರ್ ಸಹಿಯನ್ನು ಅಂಕಿ ಅಂಕಿಯಾಗಿ ಹೋಲಿಸಿ ತಲೆ ತಗ್ಗಿಸಿದ. "ನಮ್ಮಲ್ಲೇ ಎರಡು ತಿಂಗಳು ಕೆಲಸ ಕಲಿತವಳು ಮೇಡಂ."

"ಸದ್ದು ಯಾಕೆ ತೆಗೆದೆ?"

"ಸೈರನ್ ಕೂಗಿದ್ರೆ ಎಲ್ರೂ ಮನೆ ಒಳಗೋಗ್ತಾರೆ. ಅಪ್ಪ ಭತ್ತ ಉಳಿಸ್ಬೇಕು ಅಂತ ಪಟಾಕಿ ಹಿಡ್ಕಂಡು ಆನೆ ಕಡೆಗೇ ಓಡ್ತಾರೆ. ಅಪ್ಪಂಗೆ ಅಂತ ಮಾತ್ರ ಮಾಡಿದ್ದೆ. ಭೂತಯ್ಯಮಾವ ಹಾಕ್ಸ್ಕಂಡಿದ್ದು ಗೊತ್ತಿರ್ಲಿಲ್ಲ."

"ದೂರು ಬರೆಯುವಾಗ?"

"ಫೋನ್ ಕೂಗ್ಲಿಲ್ಲ ಅಂತ ಕೆಂಚಮ್ಮತ್ತೆ ಹೇಳಿದ್ರಲ್ಲ, ಆವಾಗ ಗೊತ್ತಾಯ್ತು. ಬರೆಯೋದು ನಿಲ್ಸಕ್ಕೆ ಧೈರ್ಯ ಬರ್ಲಿಲ್ಲ."



ಮಧ್ಯಾಹ್ನ ಹನ್ನೆರಡೂ ಹತ್ತಕ್ಕೆ, ನಿರ್ಲಕ್ಷ್ಯದಿಂದ ಸಾವಿಗೆ ಕಾರಣಳಾದ ಆರೋಪದ ಮೇಲೆ ನವ್ಯಶ್ರೀಯ ಬಂಧನವಾಯಿತು. ನವೀನ್‌ಕುಮಾರನನ್ನು ಮನೆಗೆ ಕಳಿಸಿದರು. ಠಾಣೆಯ ಬೆಂಚಿನ ಮೇಲೆ ಅಪ್ಪ, ಮಗಳು ಕುಳಿತಿದ್ದರು. ಸಿದ್ದಬಸಪ್ಪನಿಗೂ ಅಂದು ತಮಾಷೆ ಹುಟ್ಟಲಿಲ್ಲ.

ಸಂಜೆ ನಾಲ್ಕಕ್ಕೆ, ಠಾಣೆ ವ್ಯಾಪ್ತಿಯ ಎಲ್ಲ ಊರಿನ ಎಚ್ಚರಿಕೆಯೂ ಬರುವ ಅವನ ಜೇಬಿನ ಫೋನು ಇದ್ದಕ್ಕಿದ್ದಂತೆ ಕಿರುಚಿತು. ಹೆತ್ತೂರು ಗದ್ದೆಬಯಲಿನಲ್ಲಿ ಆನೆ.

ಧರ್ಮ ಎದ್ದವನೇ ಬಾಗಿಲಿಗೆ ಓಡಿದ. ಊರು ಎಷ್ಟೋ ಮೈಲಿ ದೂರವಿದೆ ಎಂಬುದು ಅವನ ಕಾಲಿಗೆ ನೆನಪಿರಲಿಲ್ಲ.

ನವ್ಯಶ್ರೀ ಎರಡೂ ಕೈಯಲ್ಲಿ ಅವನ ಅಂಗಿ ಹಿಡಿದು ಜಗ್ಗಿದಳು.

ಅವಳನ್ನು ಬಿಡಿಸಲು ಯಾರೂ ಏಳಲಿಲ್ಲ.