ಹಕ್ಕಲು ಬಿಡುವ ಮುಂಚೆ

ಬುತ್ತಿ ಗಂಟು ಹೊತ್ತು ಬದುವಿನ ಮೇಲೆ ಬರುತ್ತಿದ್ದ ರುದ್ರಾಣಿ ಹೊಲ ನೋಡಿ ನಿಂತುಬಿಟ್ಟಳು. ಕಿತ್ತ ಶೇಂಗಾ ಬಳ್ಳಿ ಇನ್ನೂ ಸಾಲುಸಾಲಾಗಿ ಒಣಗುತ್ತಿತ್ತು. ಒಂದು ಬಂಡಿಯೂ ಮನೆ ಸೇರಿರಲಿಲ್ಲ. ಆಗಲೇ ಊರ ಹೆಂಗಸರೆಲ್ಲ ಹೊಲದ ತುಂಬ ಬಗ್ಗಿ, ಮಣ್ಣಿನಲ್ಲಿ ಉಳಿದ ಕಾಯಿ ಆರಿಸುತ್ತಿದ್ದರು. ಎಲ್ಲರಿಗಿಂತ ಮುಂದೆ ಬೆಲ್‌ಬಾಟಮ್ ಪ್ಯಾಂಟಿನ ಒಬ್ಬ ಗಂಡಸು.

ಜಗಳೂರಿನ ಹತ್ತಿರದ ಆ ಊರಲ್ಲಿ ಇದಕ್ಕೊಂದು ಕಟ್ಟಳೆ ಇತ್ತು. ಬೆಳೆಯೆಲ್ಲ ಸಾಗಿಸಿದ ಮೇಲೆ ಹೊಲದವರ ಮನೆಯಿಂದ ಒಬ್ಬರು ಇಳಿದು ಮೊದಲ ಹಿಡಿ ಕಾಯಿ ಆರಿಸಬೇಕು. ಅದನ್ನು ಕಂಡರೆ ಹಕ್ಕಲು ಬಿಟ್ಟರು ಎಂದು ಲೆಕ್ಕ. ಆಮೇಲೆ ಉಳಿದದ್ದು ಇಲ್ಲದವರ ಪಾಲು.

"ರೀ, ಪ್ಯಾಂಟಿನೋರೆ, ಯಾರ ಹೊಲ ಅಂತ ಇಳಿದೀರಿ?"

ಅವನು ಎದ್ದು ನಿಂತ. ಕೈತುಂಬ ಮಣ್ಣು, ಜೇಬು ತುಂಬ ಕಾಯಿ.

"ಹಕ್ಕಲು ಯಾರು ಬಿಡ್ತಾರೆ, ಯಾವಾಗ ಬಿಡ್ತಾರೆ ಅಂತ ಕೇಳಾಕೆ ಬಂದಿದ್ದೆ. ಹೊಲದಾಗೆ ಯಾರೂ ಕಾಣಲಿಲ್ಲ. ಹೆಂಗಿರ್ತದೆ ಅಂತ ನಾಲ್ಕು ಕಾಯಿ ಆರಿಸಿ ನೋಡಿದೆ. ತಿರುಗಿ ನೋಡಿದ್ರೆ ಊರೇ ನನ್ನ ಹಿಂದೈತೆ."

ಪಕ್ಕದಲ್ಲಿ ಬಗ್ಗಿದ್ದ ಮುದುಕಿ ದೊಡ್ಡಕ್ಕ ಸೊಂಟ ಹಿಡಿದುಕೊಂಡು ನೆಟ್ಟಗಾದಳು. "ನಮ್ಮದೇನೂ ತಪ್ಪಿಲ್ಲ ಕಣವ್ವ. ಬೇವಿನ ಮರದ ಕೆಳಗೆ ಕುಂತು ಕಾಯ್ತಾ ಇದ್ವಿ. ಈ ಅಪ್ಪ ಇಳಿದ. ನಿಮ್ಮನೆ ಅಳಿಯ ಅನ್ಕಂಡ್ವಿ. ಅಳಿಯನೇ ಇಳಿದ ಮೇಲೆ ನಾವು ಕುಂತಿರಾಕಾಗ್ತದಾ?"

ಹೆಂಗಸರೆಲ್ಲ ನಕ್ಕರು. ಬೈಯಬೇಕೆಂದು ಬಾಯಿಗೆ ಬಂದ ಮಾತು ರುದ್ರಾಣಿಗೆ ಅಲ್ಲೇ ಮರೆತುಹೋಯಿತು. ಅವಳು ಬುತ್ತಿ ಗಂಟನ್ನು ಸುಮ್ಮನೆ ಸರಿಮಾಡಿಕೊಂಡಳು.

ಅಷ್ಟರಲ್ಲಿ ಅಪ್ಪ ಮಲ್ಲಿಕಾರ್ಜುನಪ್ಪ ಬಂಡಿ ಹೊಡೆದುಕೊಂಡು ಬಂದ. ಹೆಂಗಸರ ತುಂಬಿದ ಉಡಿಗಳನ್ನು ನೋಡಿದ, ಹುಡುಗನನ್ನು ನೋಡಿದ. ಒಂದಷ್ಟು ಹೊತ್ತು ಬೈದ. ಆದರೆ ಯಾರ ಉಡಿಯನ್ನೂ ಬಿಚ್ಚಿಸಲಿಲ್ಲ.

"ನೀನು ಮಾತ್ರ ಹಂಗೇ ಹೋಗಂಗಿಲ್ಲ. ಬಳ್ಳಿ ಕಟ್ಟಿ ಬಂಡಿಗೆ ಹೇರು," ಅಂದ.

ಹುಡುಗ ಶರ್ಟಿನ ತೋಳು ಮಡಿಸಿದ.

ಹೆಸರು ಬೆನಕಪ್ಪ. ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನ ಅಡಿಕೆ ವ್ಯಾಪಾರಸ್ಥರ ಮಗ. ಮೈಸೂರಿನ ಯೂನಿವರ್ಸಿಟಿಯಲ್ಲಿ ಎಂ.ಎ.

"ಬೆನಕಪ್ಪ ಅಂದ್ರೆ ನಮ್ಮಜ್ಜನ ಕಾಲದ ಹೆಸರು," ಅಂದಳು ರುದ್ರಾಣಿ, ಬಳ್ಳಿಯ ಹೊರೆ ಎತ್ತಿಕೊಡುತ್ತ.

"ನಮ್ಮಜ್ಜಂದೇ. ನಾನು ಇಟ್ಕಂಡೀನಿ."

"ಏನು ಓದ್ತೀರಿ?"

"ಹೀಬ್ರೂ ಧರ್ಮಗ್ರಂಥ. ಕ್ರಿಶ್ಚಿಯನ್ನರು ಹಳೆ ಒಡಂಬಡಿಕೆ ಅಂತಾರಲ್ಲ, ಅದು. ಅದರಾಗೆ ದೇವರ ವಿಚಾರ ಏನೈತೆ ಅಂತ ಓದೋದು."

"ನಮ್ಮ ದೇವರ ವಿಚಾರ ಓದಿ ಮುಗೀತಾ?"

"ಅದು ಎಲ್ಲಿ ಮುಗೀತದೆ?" ಬೆನಕಪ್ಪ ನಕ್ಕ. "ಆದ್ರೆ ಆ ಹಳೇ ಕಾಲದೋರ ದೇವರು ಹೊಲದ ವಿಚಾರಕ್ಕೂ ಬರ್ತಾನೆ. ಮೂಲೆಮೂಲೆ ಬಳಿದು ಕೊಯ್ಯಬೇಡ ಅಂತಾನೆ. ಮರೆತು ಬಂದ ತೆನೆ ಸಿವುಡು ತರಾಕೆ ತಿರುಗಿ ಹೋಗಬೇಡ, ಅದು ಗಂಡ ಇಲ್ಲದೋಳದ್ದು, ಅಪ್ಪ ಇಲ್ಲದ ಮಕ್ಕಳದ್ದು, ಪರಊರಿಂದ ಬಂದೋನದ್ದು ಅಂತಾನೆ. ಓದ್ತಾ ಇದ್ದಂಗೆ ಇದು ಹಕ್ಕಲಲ್ಲವಾ ಅನ್ನಿಸ್ತು. ಕಣ್ಣಾರೆ ನೋಡಾನ ಅಂತ ಬಸ್ ಹತ್ತಿದೆ."

"ಪರಊರೋನದ್ದು ಅಂತಾನೂ ಬರೆದೈತಾ?"

"ಐತೆ."

"ಅದಕ್ಕೇ ಅಷ್ಟು ಧೈರ್ಯವಾಗಿ ಇಳಿದ್ರಿ."

ಅವನು ತಲೆ ತಗ್ಗಿಸಿ ಹೊರೆಗೆ ಬಗ್ಗಿದ. ಬಗ್ಗಿದಾಗ ಶರ್ಟಿನೊಳಗಿಂದ ಲಿಂಗದ ಬೆಳ್ಳಿ ಕರಡಿಗೆ ಹೊರಬಂದು ತೂಗಿತು. ಎರಡು ಬೆರಳಲ್ಲಿ ಮೆಲ್ಲಗೆ ಒಳಗೆ ಸರಿಸಿಕೊಂಡ. ತಾನು ಕರಡಿಗೆಯನ್ನಷ್ಟೇ ನೋಡಿದೆ ಎಂದು ರುದ್ರಾಣಿ ತನಗೆ ತಾನೇ ಹೇಳಿಕೊಂಡಳು. ಬೆವರಿನಲ್ಲಿ ಹೊಳೆಯುತ್ತಿದ್ದ ಕೊರಳು ಅದರ ಪಕ್ಕದಲ್ಲೇ ಇತ್ತು, ಅದಕ್ಕೆ ಅವಳೇನು ಮಾಡಬೇಕು.

ಆ ಸಂಜೆ ಬಸ್ಸಿಗೆ ಹೋದವನು ಕೆಲವು ದಿನಕ್ಕೆ ಮತ್ತೆ ಬಂದ. ಏನೋ ಕೇಳುವುದು ಮರೆತಿತ್ತಂತೆ. ಸಂಕ್ರಾಂತಿಗೆ ಮುಂಚೆ ಇನ್ನೊಂದು ಸಲ ಬಂದ. ಆಗ ಕೇಳುವುದಕ್ಕೂ ಏನೂ ಉಳಿದಿರಲಿಲ್ಲ, ಸುಮ್ಮನೆ ಪಡಸಾಲೆಯಲ್ಲಿ ಕೂತು ಅಪ್ಪನ ಜೊತೆ ಮಳೆಯ ಮಾತಾಡಿದ. ಅವನ ಕಣ್ಣು ಮಾತ್ರ ಅಡುಗೆಮನೆ ಬಾಗಿಲಿಗೆ ಹೋಗಿ ಹೋಗಿ ಬರುತ್ತಿತ್ತು. ಒಳಗೆ ರೊಟ್ಟಿ ತಟ್ಟುತ್ತಿದ್ದ ರುದ್ರಾಣಿಗೆ ಅದು ಗೊತ್ತಾಗಿ, ರೊಟ್ಟಿ ಒಂದು ಕಡೆ ದಪ್ಪ ಒಂದು ಕಡೆ ತೆಳ್ಳಗಾಯಿತು.

ನಾಲ್ಕನೆಯ ಸಲ ಅವನಲ್ಲ, ಅವನ ತಾಯಿ ಕಸ್ತೂರಮ್ಮ ಬಂದು ಹೆಣ್ಣು ಕೇಳಿದರು. ಕುಲ, ಮಠ ಎಲ್ಲ ಹೊಂದಿತು. ಮಲ್ಲಿಕಾರ್ಜುನಪ್ಪನೂ ಹೂಂ ಅಂದ.

ಕೆಡಿಸಿದ್ದು ಸೋದರಮಾವ ಶಿವಮೂರ್ತಪ್ಪ. ದಾವಣಗೆರೆಯಲ್ಲಿ ಯಾರೋ ಹೇಳಿದ್ದನ್ನು ಹೊತ್ತುಕೊಂಡು ಬಂದ.

"ಭಾವ, ಆ ಹುಡುಗ ಓದ್ತಿರೋದು ಪಾದ್ರಿ ಓದಂತೆ. ಪಾದ್ರಿಗಳ ಜೊತೆಗೇ ಊಟ, ತಿರುಗಾಟ. ಇವತ್ತು ಕೊರಳಾಗೆ ಲಿಂಗ ಐತೆ, ಸರಿ. ನಾಳೆ?"

ಮಲ್ಲಿಕಾರ್ಜುನಪ್ಪ ಹೆದರಿದ. ಓದು ಬಿಟ್ಟು ಬಿ.ಎಡ್. ಮಾಡಿದರೆ ಮಾತ್ರ ಹುಡುಗಿ ಕೊಡುವುದು ಎಂದು ಶಿವಮೂರ್ತಪ್ಪನನ್ನೇ ಸಂತೇಬೆನ್ನೂರಿಗೆ ಕಳಿಸಿದ. ಅವನು ಮುಖ ಊದಿಸಿಕೊಂಡು ಬಂದ.

"ಓದೂ ಬಿಡಲ್ಲ, ಹುಡುಗೀನೂ ಬಿಡಲ್ಲ ಅಂತಾನೆ. ಎಂಥಾ ಹಟಮಾರಿ."

ಒಳಗೆ ಇದನ್ನು ಕೇಳಿಸಿಕೊಂಡ ರುದ್ರಾಣಿಗೆ ಸಿಟ್ಟೂ ಬಂತು, ಎದೆಯೂ ತುಂಬಿತು. ಅಪ್ಪ ಅದೇ ವಾರ ಹೊನ್ನಾಳಿಯ ಅಕ್ಕಿ ಗಿರಣಿಯವರಿಗೆ ಹೆಣ್ಣು ನೋಡಲು ಬರ ಹೇಳಿದ. ಅವರು ಬಂದು ಒಪ್ಪಿದರೆ ಎಲ್ಲ ಮುಗಿದಂತೆ.

ಮಾರನೆಯ ಮಧ್ಯಾಹ್ನ ಅಪ್ಪ ಮಗಳು ಎದುರುಬದುರು ಕೂತು ಬಿತ್ತನೆಗೆಂದು ಶೇಂಗಾ ಸುಲಿಯುತ್ತಿದ್ದರು. ಅವ್ವ ಸರ್ವಮಂಗಳಮ್ಮ ಮೊರದಲ್ಲಿ ಸಿಪ್ಪೆ ಕೇರುತ್ತಿದ್ದಳು.

"ಅಪ್ಪ, ಅವತ್ತು ಹೆಂಗಸರು ಹೇಳದೆ ಕೇಳದೆ ಹೊಲಕ್ಕೆ ಇಳಿದಿದ್ರಲ್ಲ. ಉಡಿ ಯಾಕೆ ಬಿಚ್ಚಿಸಲಿಲ್ಲ ನೀನು?"

"ಈಗ್ಯಾಕೆ ಅದು?"

"ಹೇಳಪ್ಪ."

"ಉಡಿಗೆ ಬಿದ್ದದ್ದು ತಿರುಗಿ ಕೇಳಬಾರದು. ನಮ್ಮವ್ವ ಹಂಗೇ ಹೇಳ್ತಿದ್ಲು."

"ಅಜ್ಜಿ ಹೇಳಿದ್ರೆ ಶಿವನ ಮಾತು. ಅದನ್ನೇ ಸಾವಿರಾರು ವರ್ಷದ ಹಿಂದೆ ಇನ್ನ್ಯಾವ ಸೀಮೆಯೋರೋ ದೇವರ ಮಾತು ಅಂತ ಬರೆದಿಟ್ಟಿದ್ರೆ, ಓದಿದೋನು ಕೆಟ್ಟೋನಾ? ಅವರು ಓದ್ತಿರೋದು ಇದನ್ನೇ ಅಪ್ಪ. ನಮ್ಮ ಹೊಲಕ್ಕೆ ಬಂದದ್ದೂ ಇದಕ್ಕೇ."

ಮಲ್ಲಿಕಾರ್ಜುನಪ್ಪನ ಕೈ ನಿಂತಿತು.

"ಆ ಗ್ರಂಥದಾಗೆ ಇದು ಐತಾ?"

"ನಾನೆಲ್ಲಿ ಓದೀನಿ? ಕರೆಸಿ ಕೇಳು. ಮಾವ ಹೇಳಿದ್ದು ಕೇಳಿ ಬೇಡ ಅಂದೆ. ಅವರ ಬಾಯಿಂದ ಒಂದು ಮಾತು ಕೇಳಿದೆಯಾ?"

ಸರ್ವಮಂಗಳಮ್ಮ ಮೊರ ಕೆಳಗಿಟ್ಟಳು. "ನನಗೂ ಹಂಗೇ ಅನ್ನಿಸ್ತದೆ," ಅಂದಳು. ಅಷ್ಟು ಸಾಕಾಯಿತು.

ಹೇಳಿ ಕಳಿಸಿದ್ದಕ್ಕೆ ಬೆನಕಪ್ಪ ಬಂದು ಪಡಸಾಲೆಯ ಚಾಪೆಯ ಮೇಲೆ ಕೂತ. ಶಿವಮೂರ್ತಪ್ಪ ಪ್ರಶ್ನೆಗಳ ಮೂಟೆಯನ್ನೇ ತಂದಿದ್ದ. ಮಲ್ಲಿಕಾರ್ಜುನಪ್ಪ ಕೈ ಎತ್ತಿ ಅವನನ್ನು ತಡೆದ. ಬಾಗಿಲ ಹಿಂದೆ ರುದ್ರಾಣಿ ಗೋಡೆಗೆ ಒರಗಿ ನಿಂತಿದ್ದಳು.

"ನಾನು ಓದಿದೋನಲ್ಲ. ದೊಡ್ಡ ದೊಡ್ಡ ಪ್ರಶ್ನೆ ಕೇಳಾಕೆ ಬರಲ್ಲ. ಒಂದೇ ಕೇಳ್ತೀನಿ," ಅಂದ ಅಪ್ಪ. "ನಾಳೆ ನಿನ್ನ ಮಗೂಗೆ ಲಿಂಗ ಕಟ್ಟೋರು ಯಾರು?"

"ನಮ್ಮ ಮಠದ ಅಯ್ಯನೋರು," ಅಂದ ಬೆನಕಪ್ಪ. ತಡವರಿಸಲಿಲ್ಲ. "ನನಗೆ ಕಟ್ಟಿದೋರೇ ಇನ್ನೂ ಗಟ್ಟಿಯಾಗಿದಾರೆ. ಪಕ್ಕದ ಮನೆ ದೀಪ ನೋಡಿ ಚೆನ್ನಾಗೈತೆ ಅಂದ್ರೆ ನಮ್ಮನೆ ದೀಪ ಆರಿಸಿದಂಗೆ ಆಗ್ತದಾ, ಯಜಮಾನ್ರೆ? ನಾನು ನೋಡ್ತಾ ಇದೀನಿ ಅಷ್ಟೆ. ಅದೂ ದಿಟ, ಇದೂ ದಿಟ. ಎರಡರಾಗೆ ಒಂದು ಸುಳ್ಳು ಅಂತ ನಿಮ್ಮ ಮನೆ ಹುಡುಗಿಗಾಗಿ ಕೂಡ ಹೇಳಾಕಾಗಲ್ಲ."



"ಸುಳ್ಳು ಹೇಳಿ ಹೆಣ್ಣು ತಗಂಡು ಹೋಗೋನಲ್ಲ, ಬಿಡು," ಅಂದ ಮಲ್ಲಿಕಾರ್ಜುನಪ್ಪ ಭಾವಮೈದುನನಿಗೆ. ಎಷ್ಟೋ ದಿನದಿಂದ ಹಿಡಿದಿಟ್ಟ ಉಸಿರು ಬಿಟ್ಟಂತಿತ್ತು ಅವನ ದನಿ. "ಹೊನ್ನಾಳಿಯೋರಿಗೆ ಬರಬೇಡಿ ಅಂತ ನೀನೇ ಹೋಗಿ ಹೇಳಿ ಬಾ. ಸರ್ವಮಂಗಳ, ತಿನ್ನಾಕೆ ಏನಾದ್ರೂ ತಾ. ಹುಡುಗನ ಮುಖ ನೋಡು, ಬೆಳಿಗ್ಗೆಯಿಂದ ಏನೂ ತಿಂದಂಗಿಲ್ಲ."

ನಿಜ, ತಿಂದಿರಲಿಲ್ಲ. ತಟ್ಟೆ ತುಂಬ ಒಗ್ಗರಣೆ ಮಂಡಕ್ಕಿ ತಿಂದು, ಇನ್ನೊಂದು ತಟ್ಟೆಯನ್ನೂ ಬೇಡ ಅನ್ನಲಿಲ್ಲ. ಕೈ ತೊಳೆಯಲು ಹಿತ್ತಲಿಗೆ ಬಂದಾಗ ಚೊಂಬು ಹಿಡಿದು ನಿಂತಿದ್ದವಳು ರುದ್ರಾಣಿ.

"ಓದೂ ಬಿಡಲ್ಲ, ಹುಡುಗೀನೂ ಬಿಡಲ್ಲ ಅಂದ್ರಂತೆ," ಅಂದಳು ನೀರು ಹಾಕುತ್ತ. "ಹುಡುಗೀನ ಒಂದು ಮಾತು ಕೇಳಬೇಕಾಗಿತ್ತಲ್ಲ?"

"ಕೇಳಾಕೆ ಅಂತಾನೇ ಎರಡು ಸಲ ಬಂದೆ. ಬಾಯಿ ಬರಲಿಲ್ಲ." ಅವನ ಕಿವಿ ಕೆಂಪಾಗಿತ್ತು. "ಈಗ ಕೇಳ್ತೀನಿ. ನನಗೆ ನೀವಿಲ್ಲದಿದ್ರೆ ಆಗಂಗಿಲ್ಲ ರುದ್ರಾಣಿ. ಓದು ಮುಗಿಯಾಕೆ ಇನ್ನೊಂದು ವರ್ಷ ಐತೆ. ಕಾಯ್ತೀರಾ?"

"ಯಾಕೆ ಕಾಯ್ಲಿ? ಮೈಸೂರಾಗೆ ಮನೆ ಮಾಡಿದ್ರೆ ನಾನೂ ಬರ್ತೀನಿ. ನೀವು ಓದ್ರಿ, ನಾನು ರೊಟ್ಟಿ ತಟ್ತೀನಿ. ಸಂಜೆ ಅವತ್ತು ಓದಿದ್ದು ನನಗೂ ಹೇಳಬೇಕು. ಆ ದೇವರು ಹೆಂಗಸರ ವಿಚಾರಕ್ಕೆ ಏನಂತಾನೋ ಗೊತ್ತಾಗಬೇಕು ನನಗೆ."

ಅವನು ಅವಳನ್ನೇ ನೋಡುತ್ತ ನಿಂತ. ಚೊಂಬಿನ ನೀರೆಲ್ಲ ಕೈ ಬಿಟ್ಟು ಕಾಲ ಮೇಲೆ ಸುರಿಯುತ್ತಿದ್ದದ್ದು ಇಬ್ಬರಿಗೂ ತಿಳಿಯಲಿಲ್ಲ.