ಎಡಗೈಗೆ ಆರು ಬಟನ್

ಒಂದು ಜೊತೆ ಬೆಳ್ಳಿ ಓಲೆ ಮಾಡಿಕೊಡು ಎಂದು ಬಾಲ್ಯದ ಗೆಳೆಯ ತಿಲೆಕ್ ಕೇಳಿದಾಗ ನನ್ನ ಕೈಲಿದ್ದ ಇಕ್ಕಳ ಜಾರಿ ಕಾಲ ಮೇಲೆ ಬಿತ್ತು.

ನಮ್ಮ ಕರಕೋಲ್ ಊರಿನಲ್ಲಿ ಗಂಡಿನ ತಾಯಿ ಬಂದು ಹುಡುಗಿಯ ಕಿವಿಗೆ ಓಲೆ ಇಟ್ಟಳೆಂದರೆ ಮದುವೆ ನಿಶ್ಚಯವಾದಂತೆ. ಊರಿನ ಅರ್ಧಕ್ಕರ್ಧ ಸೊಸೆಯಂದಿರ ಓಲೆ ನಾನೇ ಬೆಸೆದದ್ದು. ತಿಲೆಕ್‌ನ ಹುಡುಗಿಯದನ್ನೂ ನಾನೇ ಬೆಸೆಯಬೇಕೆಂದು ಮಾತ್ರ ಎಂದೂ ಎಣಿಸಿರಲಿಲ್ಲ.

"ಯಾರಿಗೆ?" ಎಂದೆ, ಬಗ್ಗಿ ಇಕ್ಕಳ ಹುಡುಕುತ್ತಾ.

"ಅಮ್ಮ ಕೇಳಿದ್ಲು. ಭಾನುವಾರಕ್ಕೆ ಬೇಕಂತೆ." ಅಷ್ಟು ಹೇಳಿ ಒಂದು ಡಬ್ಬ ಮುಂದಿಟ್ಟ. "ಇನ್ನೊಂದು ಕೆಲ್ಸ ಇದೆ, ಜಿಪಾರ್. ಇದಕ್ಕೆ ವೈರು ಬೆಸೀಬೇಕು. ನಾನು ಬಡಗಿ. ಬೆಸುಗೆಗೆ ಕೈ ಹಾಕಿದ್ರೆ ಬೆರಳೇ ಸುಟ್ಕೋತೀನಿ."

ಡಬ್ಬದಲ್ಲಿ ಹನ್ನೆರಡು ಬಣ್ಣದ ಬಟನ್, ಎರಡು ಜಾಯ್‌ಸ್ಟಿಕ್, ಇಸ್ಪೀಟೆಲೆಯಷ್ಟಗಲದ ಒಂದು ಪುಟ್ಟ ಕಂಪ್ಯೂಟರ್. ಚಿಕ್ಕವರಿದ್ದಾಗ ಪಾರ್ಕಿನಲ್ಲಿ ಕಾಸು ಹಾಕಿ ಆಡುತ್ತಿದ್ದೆವಲ್ಲ, ಅಂಥದೇ ಆಟದ ಪೆಟ್ಟಿಗೆಯನ್ನು ಅವನು ಮರದಲ್ಲಿ ಕಟ್ಟಿದ್ದನಂತೆ.

ಪಾರ್ಕಿನ ಆ ಪೆಟ್ಟಿಗೆ ನನಗೆ ಮರೆಯುವಂಥದ್ದಲ್ಲ. ನಾನು ಎಡಚಿ, ಬಟನ್‌ಗಳೆಲ್ಲ ಬಲಕ್ಕೆ. ಕೈಗಳನ್ನು ಅಡ್ಡಡ್ಡ ಹಾಕಿ ಆಡುತ್ತಿದ್ದೆ, ಪ್ರತಿಸಲ ಸೋಲುತ್ತಿದ್ದೆ. ಹುಡುಗರೆಲ್ಲ ಬಿದ್ದುಬಿದ್ದು ನಗುತ್ತಿದ್ದರು. ತಿಲೆಕ್ ಒಬ್ಬನೇ ನಗುತ್ತಿರಲಿಲ್ಲ. ಅಲ್ಲಿಂದಲೇ ಶುರುವಾದದ್ದು ನನ್ನ ಈ ಹುಚ್ಚು.

ಬೆಳಿಗ್ಗೆ ಓಲೆ, ಸಂಜೆ ವೈರು. ಓಲೆಯ ಮೇಲೆ ನನ್ನ ಸಿಟ್ಟೆಲ್ಲ ತೀರಿಸಿಕೊಂಡೆ. ಸಂಜೆ ಅವನು ನಾನ್ ರೊಟ್ಟಿ ಹಿಡಿದು ಬರುತ್ತಿದ್ದ.

"ಪ್ರತಿ ಬಟನ್‌ಗೂ ಎರಡು ಕಾಲು," ಎಂದು ತೋರಿಸಿದ. "ಒಂದರಿಂದ ಬೇರೆಬೇರೆ ವೈರು ಕಂಪ್ಯೂಟರಿಗೆ ಹೋಗುತ್ತೆ. ಇನ್ನೊಂದಕ್ಕೆ ಎಲ್ಲಾ ಬಟನ್‌ಗೂ ಸೇರಿ ಒಂದೇ ವೈರು."

"ಸರ ಪೋಣಿಸಿದ ಹಾಗೆ. ಗೊತ್ತಾಯ್ತು, ಪಾಠ ಸಾಕು."

ಬಟನ್ ಕೂರಿಸಲು ಅವನು ತೂತು ಕೊರೆದು ತಂದಿದ್ದ ಹಲಗೆ ತಿರುಗಿಸಿ ನೋಡಿದವಳೇ ನಕ್ಕುಬಿಟ್ಟೆ. "ಬಡಗಿಯಂತೆ ಬಡಗಿ! ಒಂದು ಕಡೆ ಸರಿಯಾಗಿದೆ. ಈ ಕಡೆ ಜಾಯ್‌ಸ್ಟಿಕ್ ಬಲಕ್ಕೆ, ಬಟನ್ ಎಡಕ್ಕೆ ಕೊರ್ದಿದೀಯಲ್ಲೋ! ಮದುವೆ ಗುಂಗಲ್ಲಿ ಅಳತೇನೂ ಮರ್ತೋಯ್ತಾ?"

"ನೀನು ಬೆಸಿ ಸುಮ್ನೆ," ಎಂದ. ಚಹಾದ ಬಟ್ಟಲಿನ ಮೇಲಿಂದ ನನ್ನನ್ನೇ ನೋಡುತ್ತಿದ್ದ. ನಾನು ತಲೆ ಎತ್ತಿದರೆ ಬಟ್ಟಲಿನೊಳಗೆ ನೋಡುತ್ತಿದ್ದ. ಕಿವಿ ಮಾತ್ರ ಕೆಂಪಾಗಿತ್ತು.

ಶನಿವಾರ ಮಧ್ಯಾಹ್ನ ಅವನ ಮರಗೆಲಸದ ಕೊಟ್ಟಿಗೆಯಲ್ಲಿ ಕೊನೆಯ ವೈರು ಕೂಡಿತು. ಸ್ವಿಚ್ ಹಾಕಿದ. ಪರದೆ ಕಪ್ಪಗೇ ಇತ್ತು. ಆಮೇಲೆ ಮೂಲೆಯಲ್ಲೊಂದು ಬಿಳಿ ಚುಕ್ಕಿ ಮಿಣುಕಿತು, ಸಾಲುಸಾಲು ಅಕ್ಷರ ಉರುಳಿದವು, ಇದ್ದಕ್ಕಿದ್ದಂತೆ ನಮ್ಮ ಬಾಲ್ಯದ ಆ ನೀಲಿ ಆಕಾಶ, ಪುಟಾಣಿ ವಿಮಾನ, ಆ ಕೀಚಲು ಸಂಗೀತ! ನಾನು ಬಟನ್ ಒತ್ತಿದೆ. ವಿಮಾನ ಗುಂಡು ಹಾರಿಸಿತು.

ನನಗೆ ಮೈ ಜುಮ್ಮೆಂದಿತು. ಹತ್ತು ವರ್ಷದಿಂದ ಬೆಳ್ಳಿ ಬೆಸೆಯುತ್ತಿದ್ದೇನೆ. ನಾನು ಬೆಸೆದದ್ದು ಹೀಗೆ ಮುಟ್ಟಿದೊಡನೆ ಓಗೊಟ್ಟದ್ದು ಅದೇ ಮೊದಲು.

"ಆಡು," ಎಂದ ತಿಲೆಕ್. ಸರಿಯಿದ್ದ ಕಡೆ ಅವನೇ ನಿಂತಿದ್ದ. ನನಗೆ ಉಳಿದದ್ದು ಉಲ್ಟಾ ಕಡೆ.

ಆಡಿದೆ. ಗೆದ್ದೆ. ಹುಟ್ಟಿದಾಗಿನಿಂದ ಮೊದಲ ಸಲ ಅವನನ್ನು ಸೋಲಿಸಿ ಕುಣಿದಾಡಿದೆ. ಆಮೇಲೆ ನನ್ನ ಕೈಗಳನ್ನು ನೋಡಿಕೊಂಡೆ. ಅವು ಅಡ್ಡಡ್ಡ ಇರಲಿಲ್ಲ. ಎಡಗೈಯ ಕೆಳಗೆ ಆರು ಬಟನ್‌ಗಳೂ ಅಳೆದಿಟ್ಟ ಹಾಗಿದ್ದವು.

"ಅಳತೆ ಸರಿಯಿದ್ಯಾ?" ಎಂದು ಮೆಲ್ಲಗೆ ಕೇಳಿದ.

ನಾನು ಆರೂ ಬಟನ್‌ಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದೆ.

"ನಾಳೆ ಅಮ್ಮ ನಿಮ್ಮನೇಗೆ ಬರ್ಬಹುದಾ, ಜಿಪಾರ್? ನೀನು ಬೇಡ ಅಂದ್ರೆ ಬರಲ್ಲ. ಆದ್ರೂ ಈ ಪೆಟ್ಟಿಗೆ ನಿಂದೇ."

ಕಣ್ಣು ತುಂಬಿಕೊಂಡಿತು. ಅಷ್ಟರಲ್ಲಿ ನೆನಪಾಗಿ ತಲೆ ಮೇಲೆ ಕೈಹೊತ್ತೆ. "ಅಯ್ಯೋ, ಆ ಓಲೆ!"

"ಏನಾಯ್ತು?"

"ಯಾವಳೋ ಹಾಕ್ಕೋತಾಳಲ್ಲ ಅಂತ ಹೊಟ್ಟೆಕಿಚ್ಚಿಗೆ ಎರಡರಷ್ಟು ಬೆಳ್ಳಿ ಸುರ್ದಿದೀನಿ ಕಣೋ! ಅವಳ ಕಿವಿ ಜೋತುಬೀಳ್ಲಿ ಅಂತ!"

ತಿಲೆಕ್ ನಕ್ಕು ನಕ್ಕು ಪೆಟ್ಟಿಗೆಗೆ ಒರಗಿದ. "ಮಾಡಿದ್ದುಣ್ಣೋ ಮಹರಾಯ! ಹೋಗ್ಲಿ, ಕರಗಿಸಿ ಹಗುರ ಮಾಡ್ಕೋ. ಒಂದು ವಾರ ತಡಿ ಅಂತ ಅಮ್ಮಂಗೆ ಹೇಳ್ತೀನಿ."

"ಒಂದು ವಾರಾನಾ?" ಎಂದೆ. "ಬೇಡಪ್ಪಾ. ಕಿವಿ ನಂದು, ನಾನು ಹೊರ್ತೀನಿ. ನಾಳೇನೇ ಬರಕ್ಕೆ ಹೇಳು."