ತೊಟ್ಟಿಗಿಳಿಯದ ಉರ್ಬಾನ್

ದ್ರಾಕ್ಷಿಬಳ್ಳಿ ಕಾಯುವ ಸಂತ ಉರ್ಬಾನನ ಗೋಡೆಗೂಡು ಬರಿದಾಗಿತ್ತು. ಕಸಪೊರಕೆ ಹಿಡಿದು ದ್ರಾಕ್ಷಿಗುಡ್ಡದ ಪುಟ್ಟ ಇಗರ್ಜಿಗೆ ಬಂದ ನೋಟ್‌ಬುರ್ಗಾ ಬಾಗಿಲಲ್ಲೇ ನಿಂತುಬಿಟ್ಟಳು. ಐನೂರು ವರ್ಷದಿಂದ ಕೈಯಲ್ಲಿ ಗೊಂಚಲು ಹಿಡಿದು ನಿಂತಿದ್ದ ಮರದ ಸಂತ, ತನ್ನ ಹಬ್ಬಕ್ಕೆ ಒಂದೇ ದಿನ ಇರುವಾಗ ಮಾಯವಾಗಿದ್ದ. ಮೂರು ವರ್ಷದ ಹಿಂದೆ ಅವಳ ತಮ್ಮ ಲೋರೆಂಟ್ಸ್ ಗೂಡಿಗೆ ಬಳಿದಿದ್ದ ಸುಣ್ಣ ಮಾತ್ರ ಬೆಳ್ಳಗೆ ಹಲ್ಲು ಕಿರಿಯುತ್ತಿತ್ತು. ಬೀಗ ಒಡೆದಿರಲಿಲ್ಲ. ಆದರೆ ಬೀಗದ ಕೈ ಪಾನಗೃಹದ ಬಾಗಿಲ ಹಿಂದೆ ನೇತಾಡುವುದು ಕೆಲ್ಟರ್‌ಬರ್ಗ್ ಊರಿಗೇ ಗೊತ್ತು.

ಮಧ್ಯಾಹ್ನದೊಳಗೆ ಪೊಲೀಸ್ ಅಧಿಕಾರಿ ಗೆರ್ಲಾಖ್ ದ್ರಾಕ್ಷಿ ಬೆಳೆಯುವ ಹುಡುಗ ಕೂನೋನನ್ನು ಹಿಡಿದ. ಮೂರು ವಾರದ ಹಿಂದೆ ಬಿದ್ದ ಹಿಮದಲ್ಲಿ ಬಳ್ಳಿಯ ಚಿಗುರೆಲ್ಲ ಸೀದು ಕರಿಯಾದಾಗ, "ಈ ಸಲ ಆ ಸಂತನ ಕತ್ತು ನಾನೇ ಹಿಡಿದು ಮುಳುಗಿಸ್ತೀನಿ" ಎಂದು ಅವನು ಪಾನಗೃಹದಲ್ಲಿ ಕೂಗಾಡಿದ್ದ. ಊರಿನ ಪದ್ಧತಿಯೇ ಹಾಗೆ: ಬಳ್ಳಿ ನಗುತ್ತಿದ್ದರೆ ಹಬ್ಬದ ದಿನ ಸಂತನ ತುಟಿಗೆ ವೈನ್, ಕೈಕೊಟ್ಟರೆ ಚೌಕದ ತೊಟ್ಟಿಯಲ್ಲಿ ಮುಳುಗು.

ಕೂನೋನ ಜ್ಞಾನಸ್ನಾನಕ್ಕೆ ಧರ್ಮತಾಯಿಯಾಗಿ ನಿಂತವಳು ನೋಟ್‌ಬುರ್ಗಾ. ಏದುಸಿರು ಬಿಡುತ್ತ ಅವಳು ಕೋಟೆಬಾಗಿಲ ಗೋಪುರ ಹತ್ತಿದಳು. ಅಲ್ಲಿದ್ದವನು ಹಳೆಯ ಗಡಿಯಾರ ರಿಪೇರಿಗಾರ ಆಲ್ವಿನ್. ಊರಿನ ಎಷ್ಟೋ ಕಗ್ಗಂಟುಗಳನ್ನು ಬಿಡಿಸಿದ್ದ ಅವನ ಜೊತೆ ಅವಳೂ ಅಲೆದಿದ್ದಳು.

"ಆಲ್ವಿನಣ್ಣ, ಬೆಳೆಯಂತೂ ಹೋಯ್ತು. ಆ ಹುಡುಗನಿಗೆ ಉಳಿದಿರೋದು ಮರ್ಯಾದೆ ಒಂದೇ. ಅದನ್ನಾದ್ರೂ ಉಳಿಸಿಕೊಡಿ."

"ಕೂತ್ಕೋ. ಕಸ ಗುಡಿಸೋಳು ನೀನು, ಪೊಲೀಸರಿಗಿಂತ ಜಾಸ್ತಿ ನೋಡಿರ್ತೀಯ. ನೆಲದ ಮೇಲೆ ಏನಿತ್ತು?"

"ಏನೂ ಇಲ್ಲ. ಮೊದಲೆಲ್ಲ ವಾರವಾರ ಸಂತನ ಕಾಲಬುಡದಲ್ಲಿ ಹುಳುಕಿನ ಪುಡಿ ಹಿಟ್ಟಿನ ಹಾಗೆ ಬಿದ್ದಿರ್ತಿತ್ತು. ಮೂರು ವರ್ಷದಿಂದ ಆ ಕಾಟವೂ ತಪ್ಪಿದೆ."

ಎಣ್ಣೆ ಒರೆಸುತ್ತಿದ್ದ ಆಲ್ವಿನ್‌ನ ಕೈ ನಿಂತಿತು. "ಹುಳ ಸುಮ್ಮಸುಮ್ಮನೆ ಊಟ ಬಿಡಲ್ಲ, ನೋಟ್‌ಬುರ್ಗಾ."

ಠಾಣೆಯಲ್ಲಿ ಕೂನೋ ಗೋಡೆಗೊರಗಿ ಕೂತಿದ್ದ. "ಪ್ರತಿವರ್ಷ ಮೆರವಣಿಗೇಲಿ ಸಂತನ ಅಡ್ಡೆ ಹೊರೋನು ನಾನು. ನಮ್ಮ ವೈನ್ ಕುಡಿದೂ ಕುಡಿದೂ ಬೊಜ್ಜು ಬೆಳೆಸಿದ್ದ ಮುದುಕ. ನೀರು ಕುಡಿಸ್ತೀವಿ ಅಂದ ಕೂಡಲೆ ಓಡಿಹೋದ!"

"ಬೊಜ್ಜು ಯಾವಾಗಿಂದ?" ಎಂದ ಆಲ್ವಿನ್.

"ಮೂರು ಹಬ್ಬ ಆಯ್ತು. ಹೆಗಲು ಬಿದ್ದುಹೋಗೋದು. ಅದಕ್ಕೆ ಮುಂಚೆ ಹಗುರ ಇದ್ದ. ಹಿಂದೆ ಒಂದ್ಸಲ ಮುಳುಗಿಸಿದಾಗ ಬಾತುಕೋಳಿ ಹಾಗೆ ತೇಲಿರಲಿಲ್ವಾ?"

ಹಿಂದಿರುಗುವಾಗ ಆಲ್ವಿನ್ ನೋಟ್‌ಬುರ್ಗಾಳೊಡನೆ ಹಳೆಯ ಮಠದ ಗಾಣದ ಮನೆಗೆ ಹೊಕ್ಕ. ಬಸ್ಸಿನಲ್ಲಿ ಬರುವ ಪ್ರವಾಸಿಗರು ಬಾಯಿಬಿಟ್ಟು ನೋಡುವ ದ್ರಾಕ್ಷಿಗಾಣದ ಪಕ್ಕ ಒಂದು ಪೀಠ ಖಾಲಿ ಇತ್ತು.

"ಇಲ್ಲಿ ಇಗರ್ಜಿಯ ಉರ್ಬಾನನದೇ ಪಡಿಯಚ್ಚು, ಪ್ಲಾಸ್ಟರ್ ಬೊಂಬೆ ಇತ್ತಲ್ಲ?"

"ಒರೆಸುವಾಗ ಬಿದ್ದು ಒಡೆಯಿತಂತೆ. ಲೋರೆಂಟ್ಸ್ ಹೇಳಿದ್ದ," ಎಂದಳು. ಇಗರ್ಜಿಗೂ ಈ ಗಾಣದ ಮನೆಗೂ ಕಾವಲುಗಾರ ಅವನೇ. ಯಾವಾಗ ಎಂದು ಆಲ್ವಿನ್ ಕೇಳಲಿಲ್ಲ. ಅವಳೇ ಲೆಕ್ಕ ಹಾಕಿದಳು. ಮೂರು ವರ್ಷ.

"ಇಲ್ಲಿಗೇ ನಿಲ್ಲಿಸಲಾ?" ಎಂದು ಆಲ್ವಿನ್ ಮೆಲ್ಲಗೆ ಕೇಳಿದ.

ಅವಳು ಪೀಠದ ಮೇಲಿನ ಧೂಳು ಒರೆಸಿದಳು. "ಕೂನೋ ಒಳಗಿದಾನೆ," ಎಂದಳು.

ಸಂಜೆ ಗೆರ್ಲಾಖ್ ಕೂನೋನನ್ನು ಕರೆತಂದ; ಬರಿದಾದ ಗೂಡಿನ ಮುಂದೆ ಐವರೂ ಸೇರಿದರು. ಲೋರೆಂಟ್ಸ್ ಟೋಪಿಯನ್ನು ಕೈಯಲ್ಲಿ ಹಿಂಡುತ್ತಿದ್ದ.

"ಗೆರ್ಲಾಖ್ ಅವರೇ," ಎಂದ ಆಲ್ವಿನ್, "ಕೂನೋಗೆ ಸಿಟ್ಟಿತ್ತು, ನಿಜ. ಸಿಟ್ಟಿದ್ದೋನು ಸಂತನ್ನ ಬಚ್ಚಿಡ್ತಾನಾ? ಹಬ್ಬ ಬರಲಿ, ಊರೆದುರು ಮುಳುಗಿಸೋಣ ಅಂತ ದಿನ ಎಣಿಸ್ತಾನೆ. ಮಾಯ ಮಾಡೋನು ಯಾರು? ಮುಳುಗೋದಕ್ಕೆ ಹೆದರಿದೋನು. ಮೂರು ವರ್ಷ ಒಳ್ಳೆ ಬೆಳೆ. ತುಟಿಗೆ ಹನಿ ವೈನ್ ತಾಗಿದ್ರೆ ಯಾರಿಗೂ ಏನೂ ಗೊತ್ತಾಗಲ್ಲ. ಈ ವರ್ಷ ತೊಟ್ಟಿ. ಬೆನ್ನು ಟೊಳ್ಳಾಗಿ ಕೆತ್ತಿದ ಮರ ತೇಲುತ್ತೆ. ಪ್ಲಾಸ್ಟರ್ ಕಲ್ಲಿನ ಹಾಗೆ ತಳ ಸೇರುತ್ತೆ, ಬಣ್ಣ ಬಿಡುತ್ತೆ. ಹುಳುಕಿನ ಪುಡಿ ನಿಂತದ್ದು, ಸಂತನ ತೂಕ ಏರಿದ್ದು, ಗಾಣದ ಮನೆ ಬೊಂಬೆ 'ಒಡೆದದ್ದು', ಈ ಗೂಡಿಗೆ ಸುಣ್ಣ ಬಿದ್ದದ್ದು, ಎಲ್ಲ ಒಂದೇ ವಸಂತದಲ್ಲಿ. ಸುಣ್ಣದ ಕೆಳಗೆ ಏನಿದೆ, ಲೋರೆಂಟ್ಸ್?"

ಆಲ್ವಿನ್ ಚಾಕುವಿನಿಂದ ಗೋಡೆ ಕೆರೆದ. ಸುಣ್ಣದಡಿಯಿಂದ ಮಸಿ ಉದುರಿತು.

ಲೋರೆಂಟ್ಸ್ ಅಕ್ಕನ ಮುಖ ನೋಡಲಿಲ್ಲ. "ಆ ವರ್ಷವೂ ಹಿಮ ಬೀಳೋದರಲ್ಲಿತ್ತು. ಚಳಿ ತಡೆಯೋಕೆ ತೋಟದಲ್ಲಿ ಉರಿಸೋ ದೊಡ್ಡ ಮೇಣದ ಡಬ್ಬಿ ಒಂದನ್ನ ಸಂತನ ಕಾಲಹತ್ರ ಹಚ್ಚಿಟ್ಟೆ. ಬಳ್ಳಿ ಕಾಯಪ್ಪ ಅಂತ ಬೇಡಿಕೊಂಡೆ. ತೋಟಕ್ಕೆ ಓಡಿದೆ. ಬರೋ ಹೊತ್ತಿಗೆ ಸುಟ್ಟು ಇದ್ದಿಲಾಗಿದ್ದ. ಬಳ್ಳಿ ಮಾತ್ರ ಉಳೀತು. ಊರೆಲ್ಲ ಅವನಿಗೆ ಕೈಮುಗೀತು. ಹೇಗೆ ಹೇಳಲಿ ಅಕ್ಕ? ಮಸಿಗೆ ಸುಣ್ಣ ಬಳಿದು, ಗಾಣದ ಮನೆ ಬೊಂಬೆನ ಅವನ ಜಾಗದಲ್ಲಿ ನಿಲ್ಲಿಸಿದೆ. ಈ ಸಲ ಮುಳುಗಿಸೋದು ಬೇಡ, ಹಳೇ ಮರ ನೀರು ತಡೆಯಲ್ಲ ಅಂತ ಮನೆಮನೆಗೆ ಹೋಗಿ ಬೇಡಿದೆ. ಯಾರು ಕೇಳಿದ್ರು? ನಿನ್ನೆ ಬೊಂಬೆನ ಪುಡಿ ಮಾಡಿ ಹೊಳೆಗೆ ಹಾಕಿದೆ."

"ನನ್ನನ್ನ ಹಿಡ್ಕೊಂಡು ಹೋದಾಗ?" ಎಂದ ಕೂನೋ.

"ಬಾಯಿ ಬರಲಿಲ್ಲ ಕಣೋ."

ಕೂನೋ ಹೊರಗೆ ನೋಡಿದ. ತೆರೆದ ಬಾಗಿಲಾಚೆ ಗುಡ್ಡದ ತುಂಬ ಕರಿ ಬಳ್ಳಿಗಳು ಸಾಲುಸಾಲಾಗಿ ನಿಂತಿದ್ದವು.

"ಬೆಳೆ ಹೋಯ್ತು, ಸರಿ," ಎಂದ ಅವನು. "ನಾಳೆ ಬೈಯೋಕೂ ಒಬ್ಬನಿಲ್ಲದ ಹಾಗೆ ಮಾಡಿಬಿಟ್ಟೆಯಲ್ಲೋ, ಲೋರೆಂಟ್ಸ್."

ಗೆರ್ಲಾಖ್ ಲೋರೆಂಟ್ಸನ ತೋಳು ಹಿಡಿದ. ಕೂನೋ ತನ್ನ ಸತ್ತ ತೋಟದ ಕಡೆಗೆ ಇಳಿದು ಹೋದ. ಆಲ್ವಿನ್ ಚಾಕು ಮಡಿಸಿ ಜೇಬಿಗಿಟ್ಟ. ನೋಟ್‌ಬುರ್ಗಾ ಅಭ್ಯಾಸಬಲದಿಂದ ಪೊರಕೆ ಎತ್ತಿಕೊಂಡು ಗೂಡಿನ ಬುಡಕ್ಕೆ ಬಾಗಿದಳು. ಮರದ ಪುಡಿ ಒಂದು ಚಿಟಿಕೆಯೂ ಇರಲಿಲ್ಲ. ಇದ್ದದ್ದು ಆಗಷ್ಟೇ ಉದುರಿದ ಸಂತನ ಮಸಿ. ಅದನ್ನು ಗುಡಿಸಲು ಅವಳಿಗೆ ಕೈ ಬರಲಿಲ್ಲ.